ಆಯ್ದು ಅರಿಯುವ ವಿದ್ಯೆ

ಇಂಗ್ಲಿಷಿನಲ್ಲಿ ‘ಇಂಟೆಲೆಕ್ಚುವಲ್’ ಎಂಬುದೊಂದು ಶಬ್ದವಿದೆ. ಕನ್ನಡಿಗರು ಅದನ್ನು ‘ಬುದ್ಧಿಜೀವಿ’ ಎಂದು ಕರೆದುಕೊಂಡಿದ್ದೇವೆ. ನೆರೆಯ ಮಲಯಾಳಿಗಳೂ ಹಾಗೆಯೇ ಅನ್ನುತ್ತಾರೆ. ತಮಿಳರ ಬಾಯಲ್ಲಿ ಆತ ‘ಅರಿವುಜೀವಿ’, ತೆಲುಗರಿಗೆ ‘ಮೇಧಾವಿ’, ಮರಾಠಿಗರಿಗೆ ‘ವಿಚಾರವಂತ’. ಒಂದಲ್ಲ ಒಂದು ಗಡಿಯ ಮಗ್ಗುಲಲ್ಲಿ ಬಾಳುವ ನಮ್ಮ ವಾಚಕರಿಗೆ ಇವುಗಳಲ್ಲಿ ಎರಡಾದರೂ ಕಿವಿಗೆ ಪರಿಚಿತವಾಗಿರಬೇಕು. ಯಾವ ಭಾಷೆಯಲ್ಲಿ ನೋಡಿದರೂ ಶಬ್ದವೇನೋ ಗೌರವದ್ದೇ. ಬಳಕೆ ಮಾತ್ರ ಹಾಗಿಲ್ಲ. ಸಭೆಯಲ್ಲಿ ಒಬ್ಬರು ಎದ್ದು ನಿಂತು ಹತ್ತು ಮಂದಿಗೆ ರುಚಿಸದ ಪ್ರಶ್ನೆಯೊಂದನ್ನು ಕೇಳಲಿ. ‘ಓಹೋ, ಬಂದರಪ್ಪಾ ಬುದ್ಧಿಜೀವಿಗಳು’ ಎಂಬ ಮಾತು ಹಿಂದಿನ ಸಾಲಿನಿಂದ ತೇಲಿ ಬರುತ್ತದೆ. ನಾಲ್ಕು ಜನ ನಗುತ್ತಾರೆ. ಪ್ರಶ್ನೆಗೆ ಉತ್ತರ ಕೊಡಬೇಕಾದ ಹೊಣೆ ಅಲ್ಲಿಗೆ ಮುಗಿದುಹೋಗುತ್ತದೆ.

ಇದರಿಂದಾಗುವ ನಷ್ಟ ಪ್ರಶ್ನೆ ಕೇಳಿದವರಿಗಿಂತ, ಆ ಸಭೆಯಲ್ಲಿ ತಂದೆಯ ಮಗ್ಗುಲಲ್ಲಿ ಕುಳಿತ ಮಗುವಿಗೆ ಹೆಚ್ಚು. ಶಾಲೆಯಲ್ಲಿ ನಾವು ‘ಯೋಚಿಸಿ ಉತ್ತರಿಸು’ ಎಂದು ಹೇಳಿಕೊಡುತ್ತೇವೆ. ಊರಿನ ಸಭೆಯಲ್ಲಿ ಅದು ಯೋಚಿಸಿದವನಿಗೆ ಸಿಕ್ಕಿದ ಬಹುಮಾನವನ್ನು ಕಣ್ಣಾರೆ ಕಾಣುತ್ತದೆ. ಆದಕಾರಣ ಈ ತಿಂಗಳ ಅಂಕಣದಲ್ಲಿ ಆ ಒಂದು ಶಬ್ದವನ್ನೇ ಕೈಗೆತ್ತಿಕೊಂಡು, ಅದರ ಬೇರನ್ನೂ ಅದು ನಡೆದು ಬಂದ ದಾರಿಯನ್ನೂ ವಿಚಾರಿಸೋಣವೆಂದು ಬಯಸಿದ್ದೇವೆ.

ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕು ಎಂಬುದು ಶಿಕ್ಷಕರ ತರಬೇತಿಯಲ್ಲಿ ಮೊದಲು ಬಾಯಿಪಾಠ ಮಾಡಿಸುವ ಸೂತ್ರ. ಅದರಂತೆ ನಮ್ಮ ಮನೆಯ ಮೊರದಿಂದಲೇ ಪ್ರಾರಂಭಿಸೋಣ. ತಾಯಂದಿರು ಮೊರದಲ್ಲಿ ಅಕ್ಕಿಯನ್ನು ಹರಡಿಕೊಂಡು ಕಲ್ಲು, ಭತ್ತ, ನುಚ್ಚುಗಳನ್ನು ಬೇರ್ಪಡಿಸುತ್ತಾರೆ. ಈ ಕೆಲಸಕ್ಕೆ ಕನ್ನಡದಲ್ಲಿ ‘ಆಯುವುದು’ ಎಂದು ಹೆಸರು. ಕೊಯ್ಲು ಮುಗಿದ ಗದ್ದೆಯಲ್ಲಿ ಉದುರಿದ ತೆನೆಗಳನ್ನು ಕೂಡಿಸುವುದೂ ಆಯುವುದೇ, ಹಕ್ಕಲಾಯುವುದು ಎನ್ನುತ್ತೇವೆ. ಒಂದು ಕಡೆ ಬೇಡದ್ದನ್ನು ತೆಗೆಯುವುದು, ಇನ್ನೊಂದು ಕಡೆ ಬೇಕಾದುದನ್ನು ಕೂಡಿಸುವುದು. ಎರಡಕ್ಕೂ ಒಂದೇ ಕ್ರಿಯಾಪದ. ‘ಆಯ್ಕೆ’ ಎಂಬ ಮಾತು ಹುಟ್ಟಿದ್ದು ಇದರಿಂದಲೇ.

ಪುರಾತನ ರೋಮನರ ಲ್ಯಾಟಿನ್ ಭಾಷೆಯಲ್ಲಿ ಇದಕ್ಕೆ ಸರಿಹೊಂದುವ ಧಾತುವೊಂದಿದೆ, ಅದು ‘ಲೆಗೆರೆ’. ಹಣ್ಣು ಕಾಯಿಗಳನ್ನು ಕೂಡಿಸುವುದು ಅದರ ಮೊದಲ ಅರ್ಥ. ಹಲವದರಲ್ಲಿ ಒಂದನ್ನು ಆರಿಸುವುದು ಎರಡನೆಯದು. ಅಕ್ಷರ ಬಳಕೆಗೆ ಬಂದ ಮೇಲೆ ಅದಕ್ಕೆ ಮೂರನೆಯದಾಗಿ ‘ಓದುವುದು’ ಎಂಬ ಅರ್ಥವೂ ಸೇರಿಕೊಂಡಿತು. ಸಾಲಿನಲ್ಲಿ ಚದುರಿ ಬಿದ್ದ ಅಕ್ಷರಗಳನ್ನು ಕಣ್ಣಿನಿಂದ ಒಂದೊಂದಾಗಿ ಹೆಕ್ಕಿ ಕೂಡಿಸುವುದೇ ಓದಲ್ಲವೆ? ಜರ್ಮನರ ‘ಲೇಜನ್’ ಎಂಬ ಕ್ರಿಯಾಪದಕ್ಕೂ ಇಂದಿಗೂ ಓದುವುದು, ಆಯುವುದು ಎಂಬ ಎರಡು ಅರ್ಥಗಳಿವೆ. ದ್ರಾಕ್ಷಿಯ ಕೊಯ್ಲಿಗೆ ಅವರಲ್ಲಿ ಅದೇ ಮೂಲದ ಹೆಸರು. ಹೊಲದ ಕೆಲಸವೂ ಪುಸ್ತಕದ ಕೆಲಸವೂ ಒಂದೇ ತಾಯಿಯ ಮಕ್ಕಳೆಂದು ಆ ಭಾಷೆಗಳು ಸಾರುತ್ತಿವೆ.

ಈ ಒಂದು ಧಾತುವಿನ ಸಂತಾನ ನಮ್ಮ ಮಕ್ಕಳ ಇಂಗ್ಲಿಷ್ ಪಾಠಪುಸ್ತಕಗಳಲ್ಲೆಲ್ಲ ಹರಡಿಕೊಂಡಿದೆ. ‘ಲೆಸನ್’, ‘ಲೆಕ್ಚರ್’ ಎಂಬವು ಓದು ಎಂಬ ಅರ್ಥದಿಂದ ಬಂದುವು. ‘ಕಲೆಕ್ಟ್’ ಎಂದರೆ ಒಟ್ಟಿಗೆ ಆಯುವುದು. ‘ಸೆಲೆಕ್ಟ್’ ಎಂದರೆ ಆಯ್ದು ಬೇರೆ ಇಡುವುದು. ‘ಇಲೆಕ್ಟ್’ ಎಂದರೆ ಗುಂಪಿನಿಂದ ಹೊರಕ್ಕೆ ಆರಿಸುವುದು. ‘ನೆಗ್ಲೆಕ್ಟ್’ ಎಂದರೆ ಆಯದೆ ಬಿಡುವುದು, ಅರ್ಥಾತ್ ಅಲಕ್ಷ್ಯ. ‘ಡಿಲಿಜೆಂಟ್’ ಎಂಬುದನ್ನು ನಾವು ‘ಶ್ರಮಶೀಲ’ ಎಂದು ಕಲಿಸುತ್ತೇವೆ. ಅದರ ಮೂಲದಲ್ಲಿರುವುದಾದರೋ ಪ್ರೀತಿ! ಹಲವದರಲ್ಲಿ ಒಂದನ್ನು ಆರಿಸಿ ಆದರದಿಂದ ಕಾಣುವುದಕ್ಕೆ ಲ್ಯಾಟಿನಿನಲ್ಲಿ ‘ಡಿಲಿಗೆರೆ’ ಎನ್ನುತ್ತಿದ್ದರು. ಮಾಡುವ ಕೆಲಸದ ಮೇಲೆ ಆದರವಿಟ್ಟವನೇ ಡಿಲಿಜೆಂಟ್.

ಇನ್ನು ನಮ್ಮ ಪ್ರಕೃತ ಶಬ್ದಕ್ಕೆ ಬರೋಣ. ‘ಇಂಟರ್’ ಎಂದರೆ ನಡುವೆ. ಅದಕ್ಕೆ ‘ಲೆಗೆರೆ’ ಸೇರಿದರೆ ಸಂಧಿಯಾಗಿ ‘ಇಂಟೆಲ್ಲೆಗೆರೆ’ ಆಗುತ್ತದೆ. ಎರಡರ ನಡುವೆ ಆಯುವುದು, ಇದು ಯಾವುದು ಅದು ಯಾವುದು ಎಂದು ವಿಂಗಡಿಸಿ ತಿಳಿಯುವುದು ಎಂದು ಅದರ ಭಾವ. ಇದರಿಂದ ‘ಇಂಟೆಲಿಜೆಂಟ್’ ಬಂತು, ‘ಇಂಟೆಲೆಕ್ಟ್’ ಬಂತು, ‘ಇಂಟೆಲೆಕ್ಚುವಲ್’ ಬಂತು. ನಮ್ಮ ಸಂಸ್ಕೃತದ ‘ವಿವೇಕ’ ಶಬ್ದದ ಕಥೆಯೂ ಇದಕ್ಕೆ ದೂರವಲ್ಲ. ಅದರ ಮೂಲಧಾತು ‘ವಿಚ್’. ಬೇರ್ಪಡಿಸುವುದು, ಜಳ್ಳಿನಿಂದ ಕಾಳನ್ನು ತೂರಿ ತೆಗೆಯುವುದು ಎಂದೇ ಅದರ ಅರ್ಥ. ಹಾಲು ನೀರುಗಳನ್ನು ಬೇರ್ಪಡಿಸುವ ಹಂಸವನ್ನು ನಮ್ಮ ಹಿರಿಯರು ವಿವೇಕಿಗೆ ಉಪಮಾನವಾಗಿ ಇಟ್ಟುದು ಸುಮ್ಮನಲ್ಲ.

ಚಿಂತನೆಗೆ ಸಂಬಂಧಿಸಿದ ಇತರ ಲ್ಯಾಟಿನ್ ಶಬ್ದಗಳನ್ನು ನೋಡಿದರೂ ಮಣ್ಣಿನ ವಾಸನೆಯೇ ಮೂಗಿಗೆ ಬಡಿಯುತ್ತದೆ. ‘ಕೋಗಿಟಾರೆ’ ಎಂದರೆ ಯೋಚಿಸುವುದು. ಫ್ರಾನ್ಸಿನ ದಾರ್ಶನಿಕ ಡೇಕಾರ್ಟನು ೧೭ನೆಯ ಶತಮಾನದಲ್ಲಿ ಇದನ್ನು ಜಗತ್ಪ್ರಸಿದ್ಧಗೊಳಿಸಿದನು. ಅದರ ಒಳಗಿರುವ ‘ಅಗೆರೆ’ ಧಾತುವಿಗೆ ದನಗಳನ್ನು ಅಟ್ಟಿಕೊಂಡು ಹೋಗುವುದೆಂಬ ಅರ್ಥವಿದೆ. ಚದುರಿದ ಆಲೋಚನೆಗಳನ್ನು ಒಂದು ಕೊಟ್ಟಿಗೆಗೆ ಹೊಡೆದು ಕೂಡುವುದೇ ಯೋಚನೆ. ‘ಪುಟಾರೆ’ ಎಂದರೆ ದ್ರಾಕ್ಷಿಬಳ್ಳಿಯ ಬೇಡದ ಕುಡಿಗಳನ್ನು ಸವರುವುದು. ಅದೇ ಮುಂದೆ ಎಣಿಸು, ಭಾವಿಸು ಎಂದಾಗಿ ‘ಕಂಪ್ಯೂಟರ್’ ಎಂಬ ಶಬ್ದಕ್ಕೂ ಮೂಲವಾಯಿತು. ‘ಪೆನ್ಸಾರೆ’ ಎಂದರೆ ತಕ್ಕಡಿಯಲ್ಲಿ ತೂಗುವುದು. ನಾವೂ ‘ತೂಗಿ ನೋಡು’ ಎನ್ನುತ್ತೇವೆ. ‘ರುಮಿನಾರೆ’ ಎಂದರೆ ದನ ಮೆಲುಕು ಹಾಕುವುದು. ನಮ್ಮಲ್ಲಿಯೂ ಹಳೆಯ ವಿಷಯಗಳನ್ನು ಮೆಲುಕು ಹಾಕುವುದುಂಟು. ರೋಮಿನ ರೈತನೂ ನಮ್ಮ ರೈತನೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಚಿಂತನೆಗೆ ಹೆಸರಿಡುವಾಗ ಇಬ್ಬರೂ ಕೈ ಹಾಕಿದ್ದು ಕೊಟ್ಟಿಗೆಗೆ, ಹೊಲಕ್ಕೆ, ತಕ್ಕಡಿಗೆ.

ಹೀಗೆ ಮೊರದಲ್ಲಿ ಹುಟ್ಟಿದ ಶಬ್ದವು ಒಂದು ಬಗೆಯ ಜನರ ಹೆಸರಾದುದು ಹೇಗೆ? ‘ಇಂಟೆಲೆಕ್ಚುವಲ್’ ಎಂಬುದು ವಿಶೇಷಣವಾಗಿ ಇಂಗ್ಲಿಷಿನಲ್ಲಿ ಆರುನೂರು ವರ್ಷಗಳಿಂದ ಇದೆ. ಆದರೆ ‘ಅವನೊಬ್ಬ ಇಂಟೆಲೆಕ್ಚುವಲ್’ ಎಂದು ಮನುಷ್ಯನನ್ನು ಕುರಿತು ಎಲ್ಲೆಡೆ ಹೇಳುವ ರೂಢಿ ಬಲಗೊಂಡದ್ದು ೧೯ನೆಯ ಶತಮಾನದ ಕೊನೆಯಲ್ಲಿ. ಅದಕ್ಕೆ ಕಾರಣವಾದುದು ಫ್ರಾನ್ಸಿನಲ್ಲಿ ನಡೆದ ಒಂದು ಅನ್ಯಾಯದ ಮೊಕದ್ದಮೆ. ಆ ವೃತ್ತಾಂತವನ್ನು ಗಡಿಯವರಾದ ನಾವು ತುಸು ಗಮನವಿಟ್ಟು ಕೇಳತಕ್ಕದ್ದು.

ಫ್ರಾನ್ಸಿಗೂ ಜರ್ಮನಿಗೂ ನಡುವಣ ಗಡಿಸೀಮೆಯಾದ ಅಲ್ಸಾಸಿನ ಮುಲೂಸ್ ಎಂಬ ಊರಿನಲ್ಲಿ ೧೮೫೯ರಲ್ಲಿ ಆಲ್‌ಫ್ರೆಡ್ ಡ್ರೇಫಸ್ ಹುಟ್ಟಿದನು. ೧೮೭೧ರಲ್ಲಿ ಯುದ್ಧದಲ್ಲಿ ಸೋತ ಫ್ರಾನ್ಸ್ ಆ ಸೀಮೆಯನ್ನು ಜರ್ಮನಿಗೆ ಬಿಟ್ಟುಕೊಡಬೇಕಾಯಿತು. ಗೆರೆ ಜರುಗಿದರೂ ಆ ಯಹೂದಿ ಕುಟುಂಬದ ಮನಸ್ಸು ಜರುಗಲಿಲ್ಲ. ಅವರು ಫ್ರೆಂಚ್ ಪೌರತ್ವವನ್ನೇ ಆರಿಸಿಕೊಂಡರು. ಹುಡುಗ ಬೆಳೆದು ಫ್ರೆಂಚ್ ಸೈನ್ಯದಲ್ಲಿ ಕ್ಯಾಪ್ಟನ್ ಆದನು. ೧೮೯೪ರಲ್ಲಿ ಪ್ಯಾರಿಸಿನ ಜರ್ಮನ್ ರಾಯಭಾರ ಕಛೇರಿಯ ಕಸದ ಬುಟ್ಟಿಯಿಂದ, ಅಲ್ಲಿ ಗುಡಿಸಲು ಬರುತ್ತಿದ್ದ ಹೆಂಗಸೊಬ್ಬಳ ಮುಖಾಂತರ, ಒಂದು ಹರಿದ ಕಾಗದ ಫ್ರೆಂಚ್ ಗೂಢಚಾರ ವಿಭಾಗದ ಕೈಸೇರಿತು. ಸೈನ್ಯದ ಗುಟ್ಟುಗಳನ್ನು ಜರ್ಮನರಿಗೆ ಮಾರುವವನೊಬ್ಬ ಬರೆದ ಪಟ್ಟಿ ಅದು, ಸಹಿ ಇರಲಿಲ್ಲ. ಅಕ್ಷರ ಡ್ರೇಫಸನ ಅಕ್ಷರವನ್ನು ಹೋಲುತ್ತದೆಂದು ಅದೇ ಅಕ್ಟೋಬರ್ ೧೫ರಂದು ಆತನನ್ನು ಬಂಧಿಸಿದರು.

ಅಕ್ಷರತಜ್ಞರಲ್ಲಿ ಒಮ್ಮತವಿರಲಿಲ್ಲ. ಪೋಲೀಸ್ ಇಲಾಖೆಯ ಪ್ರಖ್ಯಾತ ಪರಿಣತ ಬರ್ತಿಯೋಂ ಎಂಬಾತನ ವಾದವಂತೂ ವಿಚಿತ್ರವಾದುದು. ಅಕ್ಷರಗಳು ಹೋಲುವಲ್ಲಿ ಅದು ಡ್ರೇಫಸನ ತಪ್ಪಿಗೆ ಸಾಕ್ಷಿ. ಹೋಲದಿರುವಲ್ಲಿ ಆತ ತನ್ನ ಅಕ್ಷರವನ್ನು ತಾನೇ ಕೃತ್ರಿಮವಾಗಿ ಬದಲಿಸಿದನೆಂಬುದಕ್ಕೆ ಸಾಕ್ಷಿ! ಕಲ್ಲು ಸಿಕ್ಕಿದರೂ ಅಕ್ಕಿ, ಅಕ್ಕಿ ಸಿಕ್ಕಿದರೂ ಅಕ್ಕಿ ಎಂದಂತಾಯಿತು. ಆರೋಪಿಗೂ ಆತನ ವಕೀಲನಿಗೂ ತೋರಿಸದ ಗುಪ್ತ ಕಡತವೊಂದನ್ನು ನ್ಯಾಯಾಧೀಶರ ಕೈಗಿತ್ತರು. ಡಿಸೆಂಬರ್ ೨೨ರಂದು ಆಜೀವ ಗಡೀಪಾರಿನ ಶಿಕ್ಷೆಯಾಯಿತು. ೧೮೯೫ರ ಜನವರಿ ೫ರಂದು ಪ್ಯಾರಿಸಿನ ಸೈನಿಕ ಶಾಲೆಯ ಅಂಗಳದಲ್ಲಿ ಸಾರ್ವಜನಿಕವಾಗಿ ಆತನ ಪದವಿಯ ಚಿಹ್ನೆಗಳನ್ನು ಕಿತ್ತು, ಖಡ್ಗವನ್ನು ಮುರಿದು, ಮುಂದೆ ದಕ್ಷಿಣ ಅಮೆರಿಕದ ಕರಾವಳಿಯಾಚೆಯ ‘ದೆವ್ವದ ದ್ವೀಪ’ಕ್ಕೆ ಅಟ್ಟಿದರು.

ಆಯುವ ಕೆಲಸ ಪ್ರಾರಂಭವಾದುದು ಇದಾದ ಬಳಿಕ. ೧೮೯೫ರಲ್ಲಿ ಗೂಢಚಾರ ವಿಭಾಗದ ಮುಖ್ಯಸ್ಥನಾದ ಪಿಕಾರ್ ಎಂಬ ಅಧಿಕಾರಿಯ ಕೈಗೆ ಮರುವರ್ಷ ಅದೇ ಕಸದ ಬುಟ್ಟಿಯಿಂದ ಇನ್ನೊಂದು ಹರಿದ ಕಾಗದ ಬಂದಿತು. ಅದರಲ್ಲಿ ಎಸ್ತರ್‌ಹಾಜಿ ಎಂಬ ಬೇರೊಬ್ಬ ಅಧಿಕಾರಿಯ ಹೆಸರಿತ್ತು. ಪಿಕಾರ್ ಆತನ ಕೈಬರಹವನ್ನು ತರಿಸಿ, ಡ್ರೇಫಸನ ತಲೆಗೆ ಕಟ್ಟಿದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದನು. ಎರಡೂ ಒಂದೇ ಕೈಯವು! ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಆತ ಕೇಳಿರಲಿಲ್ಲ, ಆಚರಿಸಿದನು. ಎರಡು ಕಾಗದಗಳ ನಡುವೆ ಆಯುವುದು: ‘ಇಂಟೆಲ್ಲೆಗೆರೆ’ ಎಂಬ ಶಬ್ದಕ್ಕೆ ಇದಕ್ಕಿಂತ ನೇರವಾದ ಉದಾಹರಣೆಯನ್ನು ನಾವು ಕಾಣೆವು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಪಿಕಾರ್ ಪ್ರಾಧ್ಯಾಪಕನಲ್ಲ, ಗ್ರಂಥಕರ್ತನಲ್ಲ, ಸೈನಿಕ. ಯಹೂದ್ಯರ ವಿಷಯದಲ್ಲಿ ಆತನಿಗೆ ಒಲವೂ ಇರಲಿಲ್ಲ. ಆ ಕಾಲದ ಪೂರ್ವಗ್ರಹಗಳು ಆತನಲ್ಲಿಯೂ ಇದ್ದುವು. ಹಾಗಿದ್ದೂ ಕಣ್ಣಿಗೆ ಕಂಡುದನ್ನು ಕಂಡಿಲ್ಲವೆನ್ನಲು ಆತನಿಂದಾಗಲಿಲ್ಲ. ಮೇಲಧಿಕಾರಿಗಳು ಆತನನ್ನು ದೂರದ ಟ್ಯುನೀಷಿಯಾಕ್ಕೆ ಅಟ್ಟಿದರು. ಮುಂದೆ ಸೈನ್ಯದಿಂದ ತೆಗೆದರು, ಸೆರೆಮನೆಗೂ ಹಾಕಿದರು. ನಿಜವಾದ ದ್ರೋಹಿಯಾದ ಎಸ್ತರ್‌ಹಾಜಿಯನ್ನು ಮಾತ್ರ ೧೮೯೮ರ ಜನವರಿ ೧೧ರಂದು ಸೈನಿಕ ನ್ಯಾಯಾಲಯ ನಿರ್ದೋಷಿಯೆಂದು ಬಿಟ್ಟಿತು.

ಎರಡೇ ದಿನಗಳಲ್ಲಿ, ಜನವರಿ ೧೩ರಂದು, ಕಾದಂಬರಿಕಾರ ಎಮಿಲ್ ಜೋಲಾ ‘ಲೋರೋರ್’ ಎಂಬ ಪತ್ರಿಕೆಯಲ್ಲಿ ರಾಷ್ಟ್ರಾಧ್ಯಕ್ಷರಿಗೆ ಬಹಿರಂಗ ಪತ್ರ ಬರೆದು, ತಪ್ಪಿತಸ್ಥರ ಹೆಸರು ಹಿಡಿದು ಆರೋಪಿಸಿದನು. ಮರುದಿನದಿಂದ ಅದೇ ಪತ್ರಿಕೆಯಲ್ಲಿ ಮೊಕದ್ದಮೆಯ ಮರುವಿಚಾರಣೆಯಾಗಬೇಕೆಂದು ಲೇಖಕರೂ ವಿಜ್ಞಾನಿಗಳೂ ಅಧ್ಯಾಪಕರೂ ಸಹಿ ಹಾಕಿದ ಮನವಿ ಪ್ರಕಟವಾಗತೊಡಗಿತು. ಅನತೋಲ್ ಫ್ರಾನ್ಸ್, ಪಾಸ್ತರ್ ಸಂಸ್ಥೆಯ ನಿರ್ದೇಶಕ ದ್ಯುಕ್ಲೋ, ಆಗಿನ್ನೂ ತರುಣನಾಗಿದ್ದ ಮಾರ್ಸೆಲ್ ಪ್ರೂಸ್ತ್ ಮೊದಲಾದವರು ಅದರಲ್ಲಿದ್ದರು. ಜನವರಿ ೨೩ರಂದು ಕ್ಲೆಮನ್ಸೋ ಇವರನ್ನು ‘ಇಂಟೆಲೆಕ್ಚುವಲ್’ಗಳೆಂದು ಮೆಚ್ಚುಗೆಯಿಂದ ಕರೆದನು. ಶಬ್ದ ಅದಕ್ಕೆ ಮುನ್ನ ಅಲ್ಲಲ್ಲಿ ಇತ್ತು; ಊರೆಲ್ಲ ಹಬ್ಬಿದ್ದು ಆಗ. ಫೆಬ್ರುವರಿ ೧ರಂದು ಮೊರೀಸ್ ಬಾರೆಸ್ ಎಂಬ ಇನ್ನೊಬ್ಬ ಲೇಖಕ ಅದೇ ಶಬ್ದವನ್ನು ಎತ್ತಿಕೊಂಡು ಅವರನ್ನು ಗೇಲಿ ಮಾಡಿ ಬರೆದನು. ಹೊಗಳಿಕೆಗೂ ಮೂದಲಿಕೆಗೂ ನಡುವೆ ಒಂಬತ್ತೇ ದಿನಗಳ ಅಂತರ! ಇಂದು ನಮ್ಮ ಸಭೆಗಳಲ್ಲಿ ಕೇಳಿಬರುವ ಕುಹಕ ಹೊಸದೇನಲ್ಲ. ಅದು ಆ ಶಬ್ದದ ಅವಳಿ.

ಜೋಲಾನಿಗೆ ಒಂದು ವರ್ಷದ ಸಜೆಯೂ ೩,೦೦೦ ಫ್ರಾಂಕುಗಳ ದಂಡವೂ ವಿಧಿಸಲ್ಪಟ್ಟು, ಆತ ಇಂಗ್ಲೆಂಡಿಗೆ ತಲೆಮರೆಸಿಕೊಂಡು ಹೋಗಬೇಕಾಯಿತು. ೧೮೯೮ರ ಆಗಸ್ಟಿನಲ್ಲಿ, ಡ್ರೇಫಸನ ವಿರುದ್ಧದ ಮುಖ್ಯ ದಾಖಲೆಯೊಂದು ಎರಡು ಕಾಗದಗಳ ತುಂಡುಗಳನ್ನು ಅಂಟಿಸಿ ಮಾಡಿದ ಕೃತಕ ವಸ್ತುವೆಂದು ಬಯಲಾಯಿತು. ಅದನ್ನು ತಯಾರಿಸಿದ ಅಧಿಕಾರಿ ತಪ್ಪೊಪ್ಪಿಕೊಂಡು ಸೆರೆಯಲ್ಲಿ ಪ್ರಾಣ ಕಳೆದುಕೊಂಡನು. ಆದರೂ ೧೮೯೯ರ ಮರುವಿಚಾರಣೆಯಲ್ಲಿ ಡ್ರೇಫಸ್ ಮತ್ತೆ ಅಪರಾಧಿಯೆನಿಸಿ, ಬಳಿಕ ಕ್ಷಮಾದಾನ ಪಡೆದು ಹೊರಬಂದನು. ಬರ್ತಿಯೋಂನ ಲೆಕ್ಕಾಚಾರಗಳನ್ನು ೧೯೦೪ರಲ್ಲಿ ಗಣಿತಜ್ಞ ಪ್ವಾಂಕರೆ ಮೊದಲಾದವರು ಪರೀಕ್ಷಿಸಿ ಹುರುಳಿಲ್ಲದವೆಂದು ತೋರಿಸಿದರು. ಕೊನೆಗೆ ೧೯೦೬ರ ಜುಲೈ ೧೨ರಂದು ಸರ್ವೋಚ್ಚ ನ್ಯಾಯಾಲಯವು ಡ್ರೇಫಸನನ್ನು ನಿರ್ದೋಷಿಯೆಂದು ಸಾರಿತು. ಬಂಧನದಿಂದ ಅಲ್ಲಿಯ ವರೆಗೆ ಹತ್ತಿರ ಹತ್ತಿರ ಹನ್ನೆರಡು ವರ್ಷ. ಜೋಲಾ ಆ ತೀರ್ಪನ್ನು ಕೇಳಲು ಉಳಿದಿರಲಿಲ್ಲ, ೧೯೦೨ರಲ್ಲೇ ತೀರಿಕೊಂಡಿದ್ದನು.

ಈ ವೃತ್ತಾಂತವನ್ನು ‘ಓದಿದವರು ಒಂದು ಕಡೆ, ಓದದವರು ಇನ್ನೊಂದು ಕಡೆ’ ಎಂದು ಯಾರಾದರೂ ತಿಳಿದರೆ ಅದು ಸರಿಯಲ್ಲ. ಬಾರೆಸನೂ ದೊಡ್ಡ ಬರೆಹಗಾರನೇ. ಫ್ರೆಂಚ್ ಅಕಾಡೆಮಿಯ ಹಲವು ಪಂಡಿತರು ಡ್ರೇಫಸನ ವಿರೋಧಿಗಳ ಸಾಲಿನಲ್ಲಿದ್ದರು. ಬರ್ತಿಯೋಂನಷ್ಟು ಅಳತೆಪಟ್ಟಿಗಳನ್ನು ಹಿಡಿದವರು ಬೇರಾರೂ ಇರಲಿಲ್ಲ. ಅವರಿಗೆ ಕಡಮೆಯಾದುದು ಓದಲ್ಲ, ಆಯುವ ಮನಸ್ಸು. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ನಮ್ಮ ಗಾದೆ ಇಂತಲ್ಲಿಗೇ ಸಲ್ಲುತ್ತದೆ. ಗಡಿಸೀಮೆಯವನು, ಅನ್ಯಧರ್ಮದವನು, ಆದುದರಿಂದ ಇವನೇ ದ್ರೋಹಿಯಾಗಿರಬೇಕು ಎಂದು ಮೊದಲೇ ತೀರ್ಮಾನಿಸಿದವನು ಮೊರವನ್ನು ಕೈಗೆತ್ತಿಕೊಳ್ಳುವ ಗೋಜಿಗೇ ಹೋಗುವುದಿಲ್ಲ.

ಇಷ್ಟು ನೋಡಿದ ಬಳಿಕ ನಮ್ಮ ‘ಬುದ್ಧಿಜೀವಿ’ ಎಂಬ ಶಬ್ದದ ಕಡೆಗೊಮ್ಮೆ ಹೊರಳೋಣ. ಬುದ್ಧಿಯಿಂದ ಜೀವಿಸುವವನು ಎಂದು ಅದರ ಪದಶಃ ಅರ್ಥ. ಅದರ ಮಗ್ಗುಲಲ್ಲಿ ‘ಶ್ರಮಜೀವಿ’ ಎಂಬ ಇನ್ನೊಂದನ್ನು ನಿಲ್ಲಿಸಿದಾಗ, ಬುದ್ಧಿಯುಳ್ಳವನು ಬೆವರು ಸುರಿಸುವುದಿಲ್ಲ, ಬೆವರು ಸುರಿಸುವವನಿಗೆ ಬುದ್ಧಿಯಿಲ್ಲ ಎಂಬ ತಪ್ಪು ಭಾವನೆ ತಾನಾಗಿ ಮೂಡುತ್ತದೆ. ಮೂದಲಿಕೆಗೆ ಅರ್ಧ ಬಲ ಬಂದುದು ಈ ವಿಭಜನೆಯಿಂದ ಎಂಬುದು ನಮ್ಮ ಅನಿಸಿಕೆ. ಲ್ಯಾಟಿನಿನ ಮೂಲದಲ್ಲಾದರೋ ಇಂಥ ಗೋಡೆಯಿಲ್ಲ. ಆಯುವ ಕೈ, ಸವರುವ ಕೈ, ತೂಗುವ ಕೈಗಳಿಂದಲೇ ಅಲ್ಲಿ ಚಿಂತನೆಗೆ ಹೆಸರು ಬಂದಿದೆ. ಬಿತ್ತನೆಯ ಕಾಳನ್ನು ಬೇರೆ ಇಡುವ ರೈತ, ಹಣ್ಣಡಕೆಯ ರಾಶಿಯಲ್ಲಿ ಕೊಳೆತುದನ್ನು ಗುರುತಿಸುವ ಆಳು, ಅಂಗಡಿಯ ಚೀಟಿಯನ್ನು ಮನೆಗೆ ತಂದು ಮತ್ತೊಮ್ಮೆ ಕೂಡಿ ನೋಡುವ ಗೃಹಿಣಿ, ಇವರೆಲ್ಲರಿಗೂ ಆ ವಿದ್ಯೆ ಗೊತ್ತು. ಅದನ್ನು ಕಾಳಿನಿಂದ ಮಾತಿಗೆ, ಚೀಟಿಯಿಂದ ಸುದ್ದಿಗೆ ವಿಸ್ತರಿಸುವುದಷ್ಟೇ ಉಳಿದಿರುವ ಪಾಠ.

ಇನ್ನೊಂದು ಮಾತನ್ನೂ ಹೇಳದಿದ್ದರೆ ಪಕ್ಷಪಾತವಾದೀತು. ಬುದ್ಧಿಜೀವಿಗಳೆಂದು ಕರೆಸಿಕೊಳ್ಳುವವರೆಲ್ಲ ಆಯುವವರಲ್ಲ. ತಮ್ಮ ಗುಂಪಿನವರು ಹೇಳಿದುದನ್ನೆಲ್ಲ ಅಕ್ಕಿಯೆಂದೂ ಎದುರಿನವರು ಹೇಳಿದುದನ್ನೆಲ್ಲ ಕಲ್ಲೆಂದೂ ಎಣಿಸುವವರು ಎಷ್ಟು ಓದಿದ್ದರೂ ಆ ಹೆಸರಿಗೆ ತಕ್ಕವರಲ್ಲ. ಅಂಥವರನ್ನು ಟೀಕಿಸುವ ಹಕ್ಕು ಎಲ್ಲರಿಗೂ ಇದೆ. ಆದರೆ ಟೀಕಿಸಬೇಕಾದುದು ಅವರು ಯೋಚಿಸಿದರೆಂದಲ್ಲ, ಸಾಕಷ್ಟು ಯೋಚಿಸಲಿಲ್ಲವೆಂದು.

ನಮ್ಮ ಮನೆಗಳಲ್ಲಿ ಇದಕ್ಕೆ ಮಾಡಬಹುದಾದ ಅಭ್ಯಾಸ ದೊಡ್ಡದೇನಲ್ಲ. ಗಡಿನಾಡಿನ ಮಗುವಿಗೆ ಒಂದು ಅನುಕೂಲವಿದೆ. ಅದಕ್ಕೆ ಎರಡು ಮೂರು ಭಾಷೆಗಳು ಬರುತ್ತವೆ. ಒಂದೇ ದಿನದ ಒಂದೇ ಸುದ್ದಿಯನ್ನು ಕನ್ನಡ ಪತ್ರಿಕೆಯಲ್ಲಿಯೂ ಆ ರಾಜ್ಯದ ಭಾಷೆಯ ಪತ್ರಿಕೆಯಲ್ಲಿಯೂ ಓದಿಸಿ, ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ, ಯಾಕೆ ಎಂದು ಕೇಳಬಹುದು. ಕೈಯೊಳಗಿನ ಫೋನಿಗೆ ಬಂದ ಸುದ್ದಿಯನ್ನು ಇನ್ನೊಬ್ಬರಿಗೆ ಕಳುಹಿಸುವ ಮುನ್ನ ‘ಇದನ್ನು ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತಾಯಿತು’ ಎಂದು ಒಮ್ಮೆ ಮಗುವೂ ಕೇಳಲಿ, ನಾವೂ ಕೇಳಿಕೊಳ್ಳೋಣ. ಮಗು ನಮ್ಮ ಮಾತನ್ನೇ ಮೊರಕ್ಕೆ ಹಾಕಿ ಕೇರಿದರೆ ಕೋಪಿಸಿಕೊಳ್ಳದಿರೋಣ. ಕಾಳಾಗಿದ್ದರೆ ಅದು ಮೊರದಲ್ಲಿ ಉಳಿಯುತ್ತದೆ.

‘ಬುದ್ಧಿ’ ಶಬ್ದದ ಮೂಲವಾದ ‘ಬುಧ್’ ಧಾತುವಿಗೆ ಎಚ್ಚರಗೊಳ್ಳುವುದು ಎಂಬ ಅರ್ಥವಿದೆ. ಎಚ್ಚರವಿದ್ದು, ಎರಡರ ನಡುವೆ ಆಯ್ದು, ಕಂಡುದನ್ನು ಹೇಳುವವರು ಊರಿಗೆ ನಾಲ್ವರಾದರೂ ಇರಬೇಕು. ಅವರನ್ನು ಯಾವ ಹೆಸರಿನಿಂದ ಕರೆದರೂ ಚಿಂತೆಯಿಲ್ಲ. ಅವರು ಮಾತಾಡುವಾಗ ಹಿಂದಿನ ಸಾಲಿನವರು ನಗದೆ ಕೇಳಿದರೆ ಸಾಕು.